ಹದಿನಾಲ್ಕು ಕಂಪ್ಯೂಟರಿನ ಕಚೇರಿಗೆ ಲ್ಯಾನ್: ಕೈನಕ್ಷೆಯಿಂದ ಕೊನೆಯ ಪಿಂಗ್‌ವರೆಗೆ

"ನೆಟ್ ಹೋಗಿದೆ" ಅನ್ನುವ ಒಂದೇ ಮಾತಿಗೆ ಕಚೇರಿಗಳಲ್ಲಿ ಮೂರು ಅರ್ಥ. ಬೀದಿಯಲ್ಲಿ ಫೈಬರ್ ಕಡಿದು ಇಂಟರ್ನೆಟ್ ನಿಂತಿರಬಹುದು. ಇಂಟರ್ನೆಟ್ ಸರಿಯಿದ್ದು ಒಳಗಿನ ತಂತಿಯೋ, ತಂತಿಗಳನ್ನೆಲ್ಲ ಕೂಡಿಸುವ ಸ್ವಿಚ್ ಪೆಟ್ಟಿಗೆಯೋ ಕೈಕೊಟ್ಟಿರಬಹುದು. ಎರಡೂ ಸರಿಯಿದ್ದು ಪ್ರಿಂಟರಿನ ವಿಳಾಸ ಮಾತ್ರ ಬದಲಾಗಿರಬಹುದು. ಲ್ಯಾನ್ ಎಂದರೆ ಇದರಲ್ಲಿ ನಮ್ಮ ಕೈಯಲ್ಲಿರುವ ಭಾಗ: ಒಂದು ಕಟ್ಟಡದ ಅಥವಾ ಒಂದು ಕಾಂಪೌಂಡಿನ ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ನಾವೇ ಹಾಕಿಕೊಂಡ ಜಾಲ. ಬೀದಿಯ ಫೈಬರ್ ಕಡಿದ ದಿನವೂ ಬಿಲ್ ಪ್ರಿಂಟ್ ಆಗಬೇಕು, ಲೆಕ್ಕ ಬರೆಯುವ ಟ್ಯಾಲಿ ತೆರೆಯಬೇಕು, ಕ್ಯಾಮೆರಾ ರೆಕಾರ್ಡ್ ಆಗುತ್ತಿರಬೇಕು. ಆಗುತ್ತಿಲ್ಲವೆಂದರೆ ಜೋಡಣೆಯಲ್ಲೇ ಎಡವಟ್ಟಿದೆ.

ಇಲ್ಲಿ ಎರಡಂತಸ್ತಿನ ಒಂದು ಸಾಧಾರಣ ಕಚೇರಿಯನ್ನು ಮುಂದಿಟ್ಟುಕೊಂಡು ಹೇಳುತ್ತೇವೆ. ಕೆಳಗೆ 8 ಮೇಜು, ಮೇಲೆ 6. ಎರಡು ಪ್ರಿಂಟರ್, ಒಂದು ಹಾಜರಾತಿ ಪಂಚ್ ಯಂತ್ರ, ನಾಲ್ಕು ಕ್ಯಾಮೆರಾ, ಅವುಗಳ ರೆಕಾರ್ಡರ್, ಅಂತಸ್ತಿಗೊಂದರಂತೆ ಎರಡು ವೈಫೈ ಆಕ್ಸೆಸ್ ಪಾಯಿಂಟ್. ಸಹಕಾರ ಸಂಘವಾಗಲಿ, ಆಡಿಟರ್ ಕಚೇರಿಯಾಗಲಿ, ಸಣ್ಣ ನರ್ಸಿಂಗ್ ಹೋಮ್ ಆಗಲಿ, ಲೆಕ್ಕ ಹೆಚ್ಚುಕಡಿಮೆ ಇದೇ.

ಮೊದಲು ಕಾಗದ, ಆಮೇಲೆ ಅಂಗಡಿ

ಎ4 ಹಾಳೆಯಲ್ಲಿ ಎರಡೂ ಅಂತಸ್ತಿನ ನಕ್ಷೆಯನ್ನು ಕೈಯಲ್ಲೇ ಬರೆಯಿರಿ. ಪ್ರತಿ ಮೇಜು, ಪ್ರಿಂಟರ್, ಕ್ಯಾಮೆರಾಕ್ಕೆ ಒಂದು ಸಂಖ್ಯೆ ಕೊಡಿ: ಕೆಳಗಿನವು ಕೆ1, ಕೆ2, ಮೇಲಿನವು ಮೇ1, ಮೇ2. ಇದೇ ಸಂಖ್ಯೆ ಮುಂದೆ ಗೋಡೆಯ ಬಾಕ್ಸಿನ ಮೇಲೆ, ಕೇಬಲ್ಲಿನ ಎರಡೂ ತುದಿಯಲ್ಲಿ, ಎಲ್ಲ ಕೇಬಲ್ ಬಂದು ಸೇರುವ ಪ್ಯಾಚ್ ಪ್ಯಾನೆಲ್ ಎಂಬ ಪಟ್ಟಿಯಲ್ಲಿ ಬರಬೇಕು.

ಈಗ ಪೋರ್ಟ್, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿ, ಎಣಿಸಿ. 14 ಕಂಪ್ಯೂಟರ್, 2 ಪ್ರಿಂಟರ್, 1 ಪಂಚ್ ಯಂತ್ರ, 4 ಕ್ಯಾಮೆರಾ, 1 ರೆಕಾರ್ಡರ್, 2 ಆಕ್ಸೆಸ್ ಪಾಯಿಂಟ್. ಒಟ್ಟು 24. "ಹಾಗಾದರೆ 24 ಪೋರ್ಟಿನ ಸ್ವಿಚ್ ಸರಿಹೋಯಿತು" ಎಂದು ಅಂಗಡಿಗೆ ಹೊರಟರೆ, ಲ್ಯಾನನ್ನು ಇಂಟರ್ನೆಟ್ಟಿಗೆ ಜೋಡಿಸುವ ರೂಟರ್ ಸಿಕ್ಕಿಸಲು ಜಾಗವಿರುವುದಿಲ್ಲ. ಆಮೇಲೆ ಯಾರೋ ಮೇಜಿನ ಕೆಳಗೆ ಐದು ಪೋರ್ಟಿನ ಪುಟ್ಟ ಸ್ವಿಚ್ ಒಂದನ್ನು ತಂದಿಡುತ್ತಾರೆ. ಮುಂದಿನ ಅರ್ಧ ತಾಪತ್ರಯ ಅಲ್ಲಿಂದಲೇ ಹುಟ್ಟುತ್ತದೆ. ಸರಿಯಾದ ಹಂಚಿಕೆ ಹೀಗೆ: ಕ್ಯಾಮೆರಾಗಳಿಗೂ ಆಕ್ಸೆಸ್ ಪಾಯಿಂಟ್‌ಗಳಿಗೂ ಕೇಬಲ್ಲಿನಲ್ಲೇ ಕರೆಂಟ್ ಕೊಡುವ 8 ಪೋರ್ಟಿನ ಪಿಒಇ ಸ್ವಿಚ್ ಬೇರೆ. ಅದರಲ್ಲಿ ಸಾಮಾನ್ಯವಾಗಿ ಕರೆಂಟಿಲ್ಲದ ಎರಡು ಅಪ್‌ಲಿಂಕ್ ಪೋರ್ಟ್ ಹೆಚ್ಚಿಗೆ ಇರುತ್ತವೆ. ಒಂದಕ್ಕೆ ರೆಕಾರ್ಡರ್, ಇನ್ನೊಂದರಿಂದ ಮುಖ್ಯ ಸ್ವಿಚ್ಚಿಗೆ ತಂತಿ. ಆಗ 24 ಪೋರ್ಟಿನ ಮುಖ್ಯ ಸ್ವಿಚ್ಚಿನಲ್ಲಿ ಬಳಕೆಯಾಗುವುದು 19, ಖಾಲಿ ಉಳಿಯುವುದು 5. ಇದರಿಂದ ಇನ್ನೊಂದು ಅನುಕೂಲವಿದೆ. ಕ್ಯಾಮೆರಾದ ದೃಶ್ಯ ರಾತ್ರಿಹಗಲು ರೆಕಾರ್ಡರಿಗೆ ಹರಿಯುತ್ತಿರುತ್ತದೆ. ಎರಡೂ ಒಂದೇ ಸ್ವಿಚ್ಚಿನಲ್ಲಿದ್ದರೆ ಆ ಹರಿವು ಅಲ್ಲಲ್ಲೇ ಮುಗಿಯುತ್ತದೆ, ಮುಖ್ಯ ಸ್ವಿಚ್ಚಿನ ಕಡೆ ಬರುವುದೇ ಇಲ್ಲ.

ಪಿಒಇ ಸ್ವಿಚ್ ಕೊಳ್ಳುವಾಗ ಪೋರ್ಟ್ ಎಷ್ಟು ಎಂದಷ್ಟೇ ನೋಡಬೇಡಿ, ಒಟ್ಟು ಎಷ್ಟು ವ್ಯಾಟ್ ಕೊಡುತ್ತದೆ ಎಂದು ಕೇಳಿ. 802.3ಎಎಫ್ ಎಂಬ ಮಾನಕದಲ್ಲಿ ಒಂದು ಪೋರ್ಟ್ 15.4 ವ್ಯಾಟ್‌ವರೆಗೆ ಕೊಡಬಲ್ಲದು, 802.3ಎಟಿ ಆದರೆ 30. ಆದರೆ ಎಲ್ಲ ಪೋರ್ಟಿಗೂ ಒಟ್ಟಿಗೆ ಅಷ್ಟು ಕೊಡುವ ಶಕ್ತಿ ಅಗ್ಗದ ಸ್ವಿಚ್ಚಿಗೆ ಇರುವುದಿಲ್ಲ. ಕ್ಯಾಮೆರಾಕ್ಕೆ 8, ಆಕ್ಸೆಸ್ ಪಾಯಿಂಟ್‌ಗೆ 12 ವ್ಯಾಟ್ ಹಿಡಿದರೆ ನಮ್ಮ ಒಟ್ಟು 56. 60 ವ್ಯಾಟಿನ ಸ್ವಿಚ್ ತಂದರೆ ಹಗಲೆಲ್ಲ ಚೆನ್ನಾಗಿದ್ದು, ಕತ್ತಲಾಗಿ ಕ್ಯಾಮೆರಾಗಳ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡಾಗ ಒಂದೊಂದೇ ಕ್ಯಾಮೆರಾ ಆಫ್ ಆಗುವ ಸಂಭವವಿದೆ. 90ರ ಆಸುಪಾಸಿನದು ತೆಗೆದುಕೊಳ್ಳಿ.

ಇನ್ನು ಕೇಬಲ್ ಅಳತೆ. ಟೇಪ್ ಹಿಡಿದು ಅಳೆಯುವಾಗ ಕಣ್ಣಿಗೆ ಕಾಣುವ ನೇರ ದೂರ ಅಳೆಯಬೇಡಿ. ಕೇಬಲ್ ಗೋಡೆ ಹತ್ತಿ, ತಾರಸಿಯ ಅಂಚು ಹಿಡಿದು, ಮತ್ತೆ ಇಳಿಯುತ್ತದೆ. ಮೇಜಿಗೊಂದು ಎಳೆ, ಎರಡು ಮೇಜಿಗೊಂದರಂತೆ ಬಿಡಿ ಎಳೆ 7, ಪ್ರಿಂಟರಿಗೆ 2, ಪಂಚ್ ಯಂತ್ರಕ್ಕೆ 1, ಕ್ಯಾಮೆರಾಕ್ಕೆ 4, ಆಕ್ಸೆಸ್ ಪಾಯಿಂಟ್‌ಗೆ 2: ಒಟ್ಟು 30 ಎಳೆ. ಸರಾಸರಿ 18 ಮೀಟರಿನಂತೆ 540, ಶೇ. 10 ಹೆಚ್ಚಿಗೆ ಸೇರಿಸಿದರೆ 594 ಮೀಟರ್. ಒಂದು ಬಾಕ್ಸಿನಲ್ಲಿ 305 ಮೀಟರ್ ಬರುತ್ತದೆ, ಎರಡಕ್ಕೆ 610. ಕಾಗದದ ಮೇಲೆ ಸಾಕು. ಆದರೆ ಬಾಕ್ಸಿನ ಕೊನೆಯ ತುಂಡು ಯಾವ ಮೇಜಿಗೂ ಎಟುಕದೆ ಉಳಿದುಬಿಡುತ್ತದೆ, ನಡುವೆ ಜೋಡಿಸುವಂತೆಯೂ ಇಲ್ಲ. ಕೇಬಲ್ಲಿನ ಹೊದಿಕೆಯ ಮೇಲೆ ಮೀಟರಿಗೊಂದು ಸಂಖ್ಯೆ ಅಚ್ಚಾಗಿರುತ್ತದೆ. ಎಳೆಯುವಾಗ ಅದನ್ನು ನೋಡಿಕೊಂಡು, ಉದ್ದದ ಎಳೆಗಳನ್ನು ಮೊದಲು ಮುಗಿಸಿ, ಗಿಡ್ಡವನ್ನು ಕೊನೆಗಿಟ್ಟುಕೊಂಡರೆ ಎರಡು ಬಾಕ್ಸಿನಲ್ಲಿ ಪಾರಾಗಬಹುದು.

ಎಲ್ಲ ಎಳೆಯೂ ಒಂದೇ ಕಡೆಗೆ

ಹಳೆಯ ಕಂಪ್ಯೂಟರ್ ಲ್ಯಾಬುಗಳನ್ನು ಕಂಡವರಿಗೆ ಟಿ ಆಕಾರದ ಕನೆಕ್ಟರ್ ನೆನಪಿರುತ್ತದೆ. ಟಿವಿ ಕೇಬಲ್ಲಿನಂಥ ಒಂದೇ ಕರಿ ತಂತಿ ಎಲ್ಲ ಕಂಪ್ಯೂಟರ್ ಹಾಯ್ದು ಹೋಗುತ್ತಿತ್ತು, ಎರಡು ತುದಿಗೂ 50 ಓಮ್‌ನ ಮುಚ್ಚಳ. ಒಂದು ಮುಚ್ಚಳ ಸಡಿಲವಾದರೆ ಇಡೀ ಲ್ಯಾಬ್ ಸ್ತಬ್ಧ. ಇದಕ್ಕೆ ಬಸ್ ಜೋಡಣೆ ಎನ್ನುತ್ತಾರೆ. ಐಬಿಎಮ್ 1985ರಲ್ಲಿ ತಂದ ಟೋಕನ್ ರಿಂಗ್‌ನಲ್ಲಿ ಮಾತಾಡುವ ಸರದಿ ಯಂತ್ರದಿಂದ ಯಂತ್ರಕ್ಕೆ ಉಂಗುರದಂತೆ ಸುತ್ತುತ್ತಿತ್ತು. ಎರಡೂ ಈಗ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಉಳಿದಿವೆ. 1973ರಲ್ಲಿ ಜೆರಾಕ್ಸ್‌ನ ಪ್ರಯೋಗಾಲಯದಲ್ಲಿ ಹುಟ್ಟಿದ ಈಥರ್ನೆಟ್ ಎಂಬ ಜಾಲಪದ್ಧತಿ ಇವತ್ತೂ ಬದುಕಿದೆ. ಆದರೆ ಅದರ ಈಗಿನ ಆಕಾರ ನಕ್ಷತ್ರದ್ದು. ಪ್ರತಿ ಮೇಜಿನ ಎಳೆ ನೇರವಾಗಿ ನಡುವಿನ ಸ್ವಿಚ್ಚಿಗೇ ಬರಬೇಕು. ಒಂದು ಎಳೆ ಕಡಿದರೆ ಒಂದು ಮೇಜು ಮಾತ್ರ ನಿಲ್ಲುತ್ತದೆ.

ಆ ನಡುವಿನ ಜಾಗಕ್ಕೆ ಗೋಡೆಗೆ ತೂಗುಹಾಕುವ ರ‍್ಯಾಕ್ ಬೇಕು. ಅಂಗಡಿಯವರು 9ಯು (ಯು ಎಂದರೆ ಎತ್ತರದ ಒಂದು ಮನೆ) ಸಾಕೆನ್ನುತ್ತಾರೆ. ಎರಡು ಪ್ಯಾಚ್ ಪ್ಯಾನೆಲ್, ಕೇಬಲ್ ಮ್ಯಾನೇಜರ್, ಎರಡು ಸ್ವಿಚ್, ರೂಟರ್ ಮತ್ತು ಫೈಬರ್ ಪೆಟ್ಟಿಗೆಗೆ ತಟ್ಟೆ, ರೆಕಾರ್ಡರ್, ಕರೆಂಟ್ ಪಟ್ಟಿ ಎಲ್ಲ ಸೇರಿಸಿದರೆ 10 ದಾಟುತ್ತದೆ. 12ಯು ತೆಗೆದುಕೊಳ್ಳಿ. ಬಚ್ಚಲ ಗೋಡೆಗೆ ಅಂಟಿದಂತೆ ಬೇಡ, ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ, ಯಜಮಾನರು ಬೀಗ ಹಾಕಿಕೊಂಡು ಹೋಗುವ ಕೋಣೆಯೂ ಬೇಡ.

ಕೇಬಲ್: ಇಲ್ಲಿ ಉಳಿಸಿದ ದುಡ್ಡು ಉಳಿಯುವುದಿಲ್ಲ

ಸ್ವಿಚ್ ಐದು ವರ್ಷಕ್ಕೆ ಬದಲಾಗಬಹುದು, ಗೋಡೆಯೊಳಗಿನ ಕೇಬಲ್ ಬದಲಾಗುವುದಿಲ್ಲ. ಕ್ಯಾಟ್5ಇ ಕೇಬಲ್ಲೂ ಸೆಕೆಂಡಿಗೆ 1 ಗಿಗಾಬಿಟ್ ವೇಗವನ್ನು 100 ಮೀಟರ್ ಒಯ್ಯುತ್ತದೆ. ಹಾಗಿದ್ದರೂ ಹೊಸ ಕೆಲಸಕ್ಕೆ ಕ್ಯಾಟ್6 ಹಾಕುವುದೇ ಸರಿ. 55 ಮೀಟರಿನವರೆಗೆ ಅದು 10 ಗಿಗಾಬಿಟ್ ಕೂಡ ತಾಳುತ್ತದೆ. 100 ಮೀಟರ್ ಎಂದರೆ ಗೋಡೆಯಲ್ಲಿ 90, ಎರಡು ತುದಿಯ ಗಿಡ್ಡ ಜೋಡುತಂತಿ (ಪ್ಯಾಚ್ ಕಾರ್ಡ್) ಸೇರಿ ಇನ್ನು 10. ಈ ಮಿತಿ ಮೀರಿದರೆ ಒಮ್ಮೆ ಬಂದು ಒಮ್ಮೆ ಹೋಗುವ ಲಿಂಕ್ ಸಿಗುತ್ತದೆ. ಪೂರ್ತಿ ಕೆಟ್ಟಿದ್ದನ್ನು ಹುಡುಕುವುದಕ್ಕಿಂತ ಇದನ್ನು ಹುಡುಕುವುದು ಕಷ್ಟ.

ಮಾರುಕಟ್ಟೆಯಲ್ಲಿ ಹುಷಾರಾಗಿರಬೇಕಾದ್ದು ಸಿಸಿಎ ಎಂಬ ಸರಕಿನ ಬಗ್ಗೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳುಲೇಪ ಕೊಟ್ಟದ್ದು ಅದು. ಬೆಲೆ ಕಡಿಮೆ, ಬಾಕ್ಸ್ ಎತ್ತಿದರೆ ಹಗುರ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ, ಆಳದವರೆಗೂ ಕೆಂಪಾಗಿದ್ದರೆ ತಾಮ್ರ. ನಾಲ್ಕೈದು ಸಲ ಮಡಚಿ ಬಿಚ್ಚಿದರೂ ಸಾಕು, ಸಿಸಿಎ ಪಟ್ಟನೆ ಮುರಿಯುತ್ತದೆ. ಇದರಲ್ಲಿ ವಿದ್ಯುತ್ ನಿರೋಧ ಹೆಚ್ಚು. ಪಿಒಇ ಕರೆಂಟ್ ಹರಿಸಿದಾಗ ತಂತಿ ಬಿಸಿಯಾಗುತ್ತದೆ, ದೂರದ ಕ್ಯಾಮೆರಾಕ್ಕೆ ಸಾಕಷ್ಟು ವೋಲ್ಟೇಜ್ ತಲುಪುವುದಿಲ್ಲ.

ಕರೆಂಟಿನ ವೈರು ಹೋದ ಪೈಪಿನಲ್ಲೇ ನೆಟ್‌ವರ್ಕ್ ಕೇಬಲ್ ತೂರಿಸುವುದು ನಮ್ಮಲ್ಲಿ ಮಾಮೂಲು. ಗೋಡೆ ಕೊರೆಯುವ ಕೂಲಿ ಉಳಿಯುತ್ತದೆ, ನಿಜ. ಆದರೆ ಒಳಗೆ ವೈರಿನ ಹೊದಿಕೆ ಎಲ್ಲಾದರೂ ಸುಲಿದರೆ 230 ವೋಲ್ಟ್ ನೇರ ಕಂಪ್ಯೂಟರಿಗೆ, ಅದನ್ನು ಮುಟ್ಟಿದವರಿಗೆ. ಬೇರೆ ಪೈಪು ಹಾಕಿ, ಎರಡರ ನಡುವೆ ಒಂದು ಗೇಣು ಬಿಡಿ. ಒಂದನ್ನೊಂದು ದಾಟಲೇಬೇಕಾದಲ್ಲಿ ಅಡ್ಡಕ್ಕೆ ನೇರ ದಾಟಿಸಿ, ಜೊತೆಜೊತೆ ಓಡಿಸಬೇಡಿ. 25 ಮಿ.ಮೀ. ಪಿವಿಸಿ ಪೈಪಿನಲ್ಲಿ ಕ್ಯಾಟ್6 ನಾಲ್ಕೇ ಎಳೆ. ಐದಾರು ತುರುಕಬಹುದು, ಆದರೆ ಎಳೆಯುವಾಗ ಜಗ್ಗಿದ ರಭಸಕ್ಕೆ ಒಳಗಿನ ಜೋಡಿ ತಂತಿಗಳ ಹೆಣಿಗೆ ಹಾಳಾಗುತ್ತದೆ. ಮೂಲೆ ತಿರುಗಿಸುವಾಗ ಬೆರಳಿಗೆ ಸುತ್ತಿದಂತೆ ಮಡಚದೆ, ಒಂದಂಗುಲಕ್ಕಿಂತ ಅಗಲವಾದ ತಿರುವು ಕೊಡಿ.

ಎಂಟು ಎಳೆಯ ಸರದಿ

ಗೋಡೆಯೊಳಗಿನ ಕೇಬಲ್ಲಿನ ತಂತಿ ಗಟ್ಟಿ, ಒಂದೇ ಕಡ್ಡಿ. ಅದನ್ನೇ ಮೇಜಿನವರೆಗೆ ಎಳೆದು ತುದಿಗೆ ಪ್ಲಗ್ ಒತ್ತಿದರೆ, ಕಸ ಗುಡಿಸಿದಾಗಲೆಲ್ಲ ಅಲುಗಾಡಿ ಕೆಲವು ತಿಂಗಳಲ್ಲಿ ಒಂದು ಎಳೆ ಮುರಿಯುತ್ತದೆ. ಅದಕ್ಕೇ ಗೋಡೆಯಲ್ಲಿ ಐಒ ಬಾಕ್ಸ್ (ಪೋರ್ಟ್ ಇರುವ ಪುಟ್ಟ ಪೆಟ್ಟಿಗೆ), ರ‍್ಯಾಕಿನಲ್ಲಿ ಪ್ಯಾಚ್ ಪ್ಯಾನೆಲ್. ಅಲ್ಲಿಂದ ಯಂತ್ರಕ್ಕೆ ಕಾರ್ಖಾನೆಯಲ್ಲೇ ತಯಾರಾದ ಮೆತ್ತನೆಯ ಪ್ಯಾಚ್ ಕಾರ್ಡ್. ಕೈಯಾರೆ ಪ್ಲಗ್ ಒತ್ತಬೇಕಾದ್ದು ಕ್ಯಾಮೆರಾ ತುದಿಯಂಥ ಒಂದೆರಡು ಕಡೆ ಮಾತ್ರ.

ಒತ್ತುವ ಕ್ರಮ ಇದು. ಹೊದಿಕೆಯನ್ನು 3 ಸೆಂ.ಮೀ. ಸುಲಿಯಿರಿ, ಒಳಗಿನ ತಂತಿಗೆ ಬ್ಲೇಡು ತಾಗದಂತೆ. ಕ್ಯಾಟ್6ರ ನಡುವೆ ಕೂಡಿಸುವ ಗುರುತಿನಾಕಾರದ ಪ್ಲಾಸ್ಟಿಕ್ ಕಡ್ಡಿಯಿದ್ದರೆ ಅದನ್ನು ಬುಡಕ್ಕೆ ಕತ್ತರಿಸಿ. ಜೋಡಿ ಬಿಚ್ಚಿ, ತಂತಿಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಅತ್ತಿತ್ತ ಬಾಗಿಸಿ ನೇರ ಮಾಡಿ. ಎಡದಿಂದ ಬಲಕ್ಕೆ, ಪ್ಲಗ್ಗಿನ ಕೊಂಡಿ ಕೆಳಮುಖವಾಗಿದ್ದಾಗ, 568ಬಿ ಎಂಬ ಮಾನಕದ ಸರದಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ತುದಿಯನ್ನು ಸಮನಾಗಿ ಕತ್ತರಿಸಿ. ಹೊದಿಕೆಯ ಹೊರಗೆ 13 ಮಿ.ಮೀ.ಗಿಂತ ಹೆಚ್ಚು ಉಳಿಯಬಾರದು. ಪ್ಲಗ್ಗಿನೊಳಗೆ ತಳ್ಳಿ ಎದುರಿನಿಂದ ನೋಡಿ: ಎಂಟು ಚುಕ್ಕಿ ತಾಮ್ರ ಹೊಳೆಯಬೇಕು, ಹಿಂದೆ ಹೊದಿಕೆಯೂ ಪ್ಲಗ್ಗಿನ ಬಾಯೊಳಗೆ ಹೋಗಿರಬೇಕು. ಆಮೇಲೆ ಇಕ್ಕಳ ಒತ್ತಿ. ಹೊದಿಕೆ ಹೊರಗುಳಿದರೆ ಎಳೆದಾಟದ ಭಾರವೆಲ್ಲ ಕೂದಲಿನಂಥ ಎಂಟು ತಂತಿಗಳ ಮೇಲೆ ಬೀಳುತ್ತದೆ. ಕ್ಯಾಟ್6 ತಂತಿ ದಪ್ಪ, ಅದಕ್ಕೆ ಕ್ಯಾಟ್6 ಪ್ಲಗ್ಗೇ ಬೇಕು.

"ಎರಡು ತುದಿಯಲ್ಲೂ ಒಂದೇ ಥರ ಇದ್ದರಾಯಿತಲ್ಲ, ಬಣ್ಣ ಹೇಗಿದ್ದರೇನು?" ಎನ್ನುವವರು ಬಹಳ. ಹಾಗೆಂದು ಜೋಡಿ ಜೋಡಿಯಾಗಿ ಕಿತ್ತಳೆ, ಹಸಿರು, ನೀಲಿ, ಕಂದು ಎಂದು ಇಟ್ಟರೆ ಅಗ್ಗದ ಟೆಸ್ಟರಿನಲ್ಲಿ 1ರಿಂದ 8ರವರೆಗೆ ದೀಪ ಸಾಲಾಗಿ ಹತ್ತುತ್ತದೆ, ಎಲ್ಲ ಸರಿ ಎಂದೇ ಕಾಣುತ್ತದೆ. ಆದರೆ ಈಥರ್ನೆಟ್‌ನಲ್ಲಿ 3 ಮತ್ತು 6ನೇ ಪಿನ್ ಸೇರಿ ಒಂದು ಜೋಡಿ. ಒಟ್ಟಿಗೆ ಹೆಣೆದ ಎರಡು ತಂತಿಗಳ ಮೇಲೆ ಹೊರಗಿನ ಗದ್ದಲ ಸಮನಾಗಿ ಬೀಳುತ್ತದೆ, ಆದ್ದರಿಂದ ಕೊನೆಯಲ್ಲಿ ಕಳೆದುಹೋಗುತ್ತದೆ. ನೀವು 3ಕ್ಕೆ ಹಸಿರಿನ ಜೋಡಿಯಿಂದ ಒಂದು, 6ಕ್ಕೆ ನೀಲಿಯ ಜೋಡಿಯಿಂದ ಒಂದು ಕೊಟ್ಟಿದ್ದೀರಿ. ಕಳೆಯಲು ಜೊತೆಗಾರನೇ ಇಲ್ಲ. ಎರಡು ಮೀಟರಿನ ತುಂಡಾದರೆ ನಡೆದೀತು, ಮೂವತ್ತು ಮೀಟರಿನಲ್ಲಿ ಫೈಲು ಅರ್ಧಕ್ಕೆ ನಿಲ್ಲುತ್ತದೆ.

ಟೆಸ್ಟರಿನ ದೀಪವನ್ನೇ ನಂಬದೆ ವೇಗ ನೋಡಿ. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು, 100 ಮೆಗಾಬಿಟ್‌ಗೆ 1, 2, 3, 6 ಸಾಕು. ಹಾಗಾಗಿ 4, 5, 7, 8ರಲ್ಲಿ ಒಂದು ಕೆಟ್ಟರೆ ಲಿಂಕ್ ಸಾಯದೆ 100ಕ್ಕೆ ಇಳಿದು ಕುಂಟುತ್ತಿರಬಹುದು. ಎರಡೂ ಕಡೆ ಎಸ್‌ಎಸ್‌ಡಿ ಇರುವ ಕಂಪ್ಯೂಟರ್‌ಗಳ ನಡುವೆ 1 ಜಿಬಿಯ ಒಂದೇ ಫೈಲು ಕಾಪಿ ಮಾಡಿ. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿದರೆ ಗಿಗಾಬಿಟ್. ಒಂದೂವರೆ ನಿಮಿಷ ಹಿಡಿದರೆ 100. "ಟ್ಯಾಲಿ ನಿಧಾನ" ಎಂಬ ದೂರಿನ ಮೂಲ ಎಷ್ಟೋ ಸಲ ಒಂದು ಕಂದು ತಂತಿ.

ರೂಟರ್ ಒಂದೇ, ವಿಳಾಸ ಹಂಚುವವನೂ ಒಬ್ಬನೇ

ಸ್ವಿಚ್ಚಿನ ಕೆಲಸ ಸರಳ. ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ ಕೊಟ್ಟ 48 ಬಿಟ್‌ನ ಮ್ಯಾಕ್ ವಿಳಾಸವಿರುತ್ತದೆ; ಯಾವುದು ಯಾವ ಪೋರ್ಟಿನಲ್ಲಿದೆ ಎಂದು ಸ್ವಿಚ್ ಕೇಳಿಸಿಕೊಂಡು ಬರೆದಿಟ್ಟುಕೊಳ್ಳುತ್ತದೆ, ಆ ಪೋರ್ಟಿಗಷ್ಟೇ ಕಳಿಸುತ್ತದೆ. ಅದಕ್ಕೆ ಸೆಟ್ಟಿಂಗ್ ಏನೂ ಬೇಕಿಲ್ಲ. ತಲೆ ಓಡಿಸಬೇಕಾದ್ದು ರೂಟರಿನ ವಿಷಯದಲ್ಲಿ.

ಇಂಟರ್ನೆಟ್ ಕಂಪನಿಯವರು ಕೊಟ್ಟುಹೋದ ಫೈಬರ್ ಪೆಟ್ಟಿಗೆಯೇ ಒಂದು ರೂಟರ್. ಅದರಲ್ಲಿ ವೈಫೈ ಇದೆ, ಯಂತ್ರಗಳಿಗೆ ಐಪಿ ವಿಳಾಸ (ಮ್ಯಾಕ್ ಅಲ್ಲದ, ಜಾಲದೊಳಗೆ ಕೊಡುವ ಬೇರೆ ಸಂಖ್ಯೆ) ಹಂಚುವ ಡಿಎಚ್‌ಸಿಪಿ ಇದೆ. ಅದನ್ನೇ ನಂಬಿಕೊಂಡರೆ ಕಂಪನಿ ಬದಲಾದ ದಿನ ಕಚೇರಿಯ ಎಲ್ಲ ವಿಳಾಸವೂ ಬದಲಾಗುತ್ತದೆ. ಅದರ ಹಿಂದೆ ನಿಮ್ಮದೇ ರೂಟರ್ ಇಡುವುದು ಲೇಸು. ಸಾಧ್ಯವಾದರೆ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರಿನ ಕೆಲಸ ಬಿಟ್ಟು ಇಂಟರ್ನೆಟ್ಟನ್ನು ಹಾಗೆಯೇ ದಾಟಿಸುವಂತೆ) ಹಾಕಿಸಿ. ಅವರು ಒಪ್ಪದಿದ್ದರೆ ಹಾಗೆಯೇ ಇರಲಿ, ಅದರ ವೈಫೈ ಆಫ್ ಮಾಡಿ. ಹೊರಗಿನಿಂದ ನೇರವಾಗಿ ಕ್ಯಾಮೆರಾ ನೋಡುವಂಥ ಕೆಲಸಕ್ಕೆ ತೊಡಕಾದೀತು, ಉಳಿದದ್ದಕ್ಕೆ ತೊಂದರೆಯಿಲ್ಲ. ಒಂದೇ ಎಚ್ಚರ: ಆ ಪೆಟ್ಟಿಗೆ ಸಾಮಾನ್ಯವಾಗಿ 192.168.1.1ರಲ್ಲಿ ಕೂತಿರುತ್ತದೆ. ನಿಮ್ಮ ರೂಟರಿನ ಒಳಬದಿಯೂ 192.168.1 ಆದರೆ, ಎರಡೂ ಬದಿ ಒಂದೇ ಊರು ಎಂದುಕೊಂಡು ರೂಟರ್ ಏನನ್ನೂ ದಾಟಿಸುವುದಿಲ್ಲ. ಕಚೇರಿಗೆ 192.168.20 ಎಂಬಂಥ ಬೇರೆ ಸಾಲು ಆರಿಸಿ. ಮನೆಯಿಂದ ವಿಪಿಎನ್ (ಇಂಟರ್ನೆಟ್ಟಿನಲ್ಲಿ ಕಚೇರಿ ಜಾಲಕ್ಕೆ ಹಾಕಿದ ಖಾಸಗಿ ದಾರಿ) ಮೂಲಕ ಬರುವವರಿಗೂ ಇದರಿಂದ ಗೊಂದಲ ತಪ್ಪುತ್ತದೆ.

ಸಾಲು ಎಷ್ಟು ಉದ್ದ ಎಂದು ಹೇಳುವ ಮಾಸ್ಕನ್ನು 255.255.255.0 ಇಟ್ಟರೆ ವಿಳಾಸದ ಕೊನೆಯ ಸಂಖ್ಯೆಗೆ 1ರಿಂದ 254ರವರೆಗೆ ಜಾಗ. ಅದನ್ನು ಹೀಗೆ ಪಾಲು ಮಾಡಿ, ಕಾಗದದಲ್ಲಿ ಬರೆದಿಡಿ:

1: ರೂಟರ್
2ರಿಂದ 9: ಸೆಟ್ಟಿಂಗ್ ಇರುವ ಸ್ವಿಚ್, ಆಕ್ಸೆಸ್ ಪಾಯಿಂಟ್
10ರಿಂದ 19: ಡೇಟಾ ಇರುವ ಕಂಪ್ಯೂಟರ್, ಪ್ರಿಂಟರ್
20ರಿಂದ 39: ಕ್ಯಾಮೆರಾ, ರೆಕಾರ್ಡರ್, ಪಂಚ್ ಯಂತ್ರ
100ರಿಂದ 199: ಡಿಎಚ್‌ಸಿಪಿ ತಾನೇ ಹಂಚುವ ಪಾಲು

ಪ್ರಿಂಟರನ್ನು ಹಂಚಿಕೆಯ ಪಾಲಿಗೆ ಬಿಟ್ಟರೆ ಏನಾಗುತ್ತದೆ? ಶನಿವಾರ ಆಫ್ ಮಾಡಿಹೋದ ಪ್ರಿಂಟರಿನ ವಿಳಾಸದ ಅವಧಿ ಭಾನುವಾರ ಮುಗಿಯುತ್ತದೆ. ಸೋಮವಾರ ಬೆಳಿಗ್ಗೆ ಮೊದಲು ಬಂದವರ ಮೊಬೈಲಿಗೆ ಆ ವಿಳಾಸ ಹೋಗುತ್ತದೆ, ಪ್ರಿಂಟರಿಗೆ ಬೇರೆಯದು. ಹದಿನಾಲ್ಕೂ ಕಂಪ್ಯೂಟರ್ ಮೊಬೈಲಿಗೆ ಬಿಲ್ ಕಳಿಸುತ್ತಾ ಕೂರುತ್ತವೆ. ಹಲವು ಪಂಚ್ ಯಂತ್ರಗಳು 192.168.1.201 ಎಂಬ ವಿಳಾಸ ಹೊತ್ತೇ ಬರುತ್ತವೆ. ನಿಮ್ಮ ಸಾಲಿಗೆ ಬದಲಿಸದೆ ಸಿಕ್ಕಿಸಿದರೆ ಕಾಣುವುದೇ ಇಲ್ಲ.

ವೈಫೈ ಮತ್ತು ಹಂಚಿದ ಫೋಲ್ಡರ್

ಆಕ್ಸೆಸ್ ಪಾಯಿಂಟ್ ಎರಡಕ್ಕೂ ಹೆಸರು, ಪಾಸ್‌ವರ್ಡ್ ಒಂದೇ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ 1, 6, 11 ಮಾತ್ರ. ಕೆಳಗೆ 1, ಮೇಲೆ 11 ಕೊಡಿ. ಅಕ್ಕಪಕ್ಕದ ಅಂಗಡಿಗಳ ವೈಫೈ ಎಲ್ಲಿ ಕಿಕ್ಕಿರಿದಿದೆ ಎಂದು ಫೋನಿನ ಆ್ಯಪ್‌ನಲ್ಲಿ ನೋಡಿ ಅದಲುಬದಲು ಮಾಡಬಹುದು. ಬಂದುಹೋಗುವವರಿಗೆ ಗೆಸ್ಟ್ ಜಾಲ ಬೇರೆ. ಮನೆಯಲ್ಲಿ ಉಳಿದ ಹಳೆಯ ರೂಟರನ್ನೇ ಆಕ್ಸೆಸ್ ಪಾಯಿಂಟ್ ಮಾಡುವುದಾದರೆ ಮೂರು ಕೆಲಸ: ಅದರ ವಿಳಾಸ 192.168.20.3 ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನು ಇಂಟರ್ನೆಟ್ ಬರುವ ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಹಾಕಿ. ಅದಕ್ಕೆ ಪಿಒಇ ಬೇಕಿಲ್ಲ, ತನ್ನದೇ ಅಡಾಪ್ಟರ್ ಇರುತ್ತದೆ.

ಲೆಕ್ಕದ ಡೇಟಾ ತೆರೆಯುವ ಕಂಪ್ಯೂಟರುಗಳನ್ನು ಮಾತ್ರ ವೈಫೈಗೆ ಬಿಡಬೇಡಿ. ಎಂಟ್ರಿ ಬರೆಯುವ ಹೊತ್ತಿಗೆ ಕ್ಷಣಕಾಲ ಕಡಿದರೂ ಫೈಲು ಕೆಡಬಹುದು. ಡೇಟಾ ಇರುವ ಕಂಪ್ಯೂಟರಿಗೆ ನಿಶ್ಚಿತ ವಿಳಾಸ ಕೊಡಿ, ನೆಟ್‌ವರ್ಕನ್ನು "ಪ್ರೈವೇಟ್" ಎಂದು ಗುರುತು ಮಾಡಿ, ಸ್ಲೀಪ್ ಆಗದಂತೆ ನೋಡಿಕೊಳ್ಳಿ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲರ ಟ್ಯಾಲಿ ಸ್ತಬ್ಧವಾಗುವುದು ಇದರಿಂದಲೇ. ಫೋಲ್ಡರನ್ನು "ಎವರಿವನ್"ಗೆ ತೆರೆದಿಡುವ ಬದಲು ಬಳಕೆದಾರರ ಹೆಸರು, ಪಾಸ್‌ವರ್ಡ್ ಮಾಡಿ ಕೊಡಿ. ಪಾಸ್‌ವರ್ಡಿಲ್ಲದ ಗೆಸ್ಟ್ ಪ್ರವೇಶವನ್ನು ಹೊಸ ವಿಂಡೋಸ್ 11 ಹೇಗೂ ಒಪ್ಪುವುದಿಲ್ಲ. ಸರ್ವರ್ ಅಲ್ಲದ ವಿಂಡೋಸ್ 10, 11ರಲ್ಲಿ ಏಕಕಾಲಕ್ಕೆ 20 ಸಂಪರ್ಕದ ಮಿತಿಯಿದೆ. ನಮ್ಮ ಹದಿನಾಲ್ಕಕ್ಕೆ ಸಾಕು. ಸಿಬ್ಬಂದಿ ಬೆಳೆಯುವ ಕಚೇರಿಯಾದರೆ ಎಲ್ಲರ ಫೈಲೂ ಒಂದೇ ಕಡೆ ಇಡುವ ನ್ಯಾಸ್ ಪೆಟ್ಟಿಗೆಯ ಬಗ್ಗೆ ಈಗಲೇ ಯೋಚಿಸಿ.

ಸಿಡಿಲು

ಏಪ್ರಿಲ್-ಮೇ ತಿಂಗಳ ಗುಡುಗುಮಳೆಗೆ ಸುಟ್ಟುಹೋಗುವ ಸ್ವಿಚ್ ಪೋರ್ಟುಗಳಿಗೆ ನಮ್ಮ ಕಡೆ ಲೆಕ್ಕವಿಲ್ಲ. ಸಿಡಿಲು ನೇರ ಬಡಿಯಬೇಕೆಂದಿಲ್ಲ. ಹತ್ತಿರದಲ್ಲಿ ಬಿದ್ದರೂ ಹೊರಗೆ ಚಾಚಿದ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಉಕ್ಕಿ ಒಳಗೆ ಬರುತ್ತದೆ. ಆದ್ದರಿಂದ ಎದುರಿನ ಗೋದಾಮಿಗೋ ಪಕ್ಕದ ಕಟ್ಟಡಕ್ಕೋ ಲ್ಯಾನ್ ಕೇಬಲ್ ಎಳೆಯಬೇಡಿ, 30 ಮೀಟರೇ ಇದ್ದರೂ. ಎರಡು ಕಟ್ಟಡದ ಅರ್ಥಿಂಗ್ ಬೇರೆಬೇರೆ, ನಡುವಿನ ವ್ಯತ್ಯಾಸ ಆ ಕೇಬಲ್ಲಿನಲ್ಲೇ ಹರಿಯುತ್ತದೆ. ಅಲ್ಲಿಗೆ ಫೈಬರ್ ಎಳೆದು ಎರಡೂ ತುದಿಗೆ, ಫೈಬರನ್ನು ಲ್ಯಾನ್ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಹಾಕಿ. ಗಾಜು ಕರೆಂಟ್ ಒಯ್ಯುವುದಿಲ್ಲ. ಫೈಬರಿಗೆ ಆಸರೆಯಾಗಿ ಉಕ್ಕಿನ ತಂತಿಯಿದ್ದರೆ ಅದನ್ನು ಕಟ್ಟಡದ ಹೊರಗೇ ಕತ್ತರಿಸಿ ನಿಲ್ಲಿಸಿ. ಊರಿನ ಕೇಬಲ್ ಟಿವಿಯವರ ಬಳಿ ಫೈಬರ್ ಬೆಸೆಯುವ ಯಂತ್ರ ಇರುವುದುಂಟು.

ರ‍್ಯಾಕಿನ ಮೈಗೆ ಅರ್ಥ್ ತಂತಿ ಕಡ್ಡಾಯ. ರೂಟರ್, ಎರಡೂ ಸ್ವಿಚ್, ಫೈಬರ್ ಪೆಟ್ಟಿಗೆಗೆ ಒಂದು ಯುಪಿಎಸ್. ಕಂಪ್ಯೂಟರಿಗೆಲ್ಲ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ಮರೆಯುವುದು ಎಷ್ಟೋ ಕಡೆ ನಡೆದಿದೆ: ಕರೆಂಟ್ ಹೋದಾಗ ಎಲ್ಲ ಪರದೆ ಬೆಳಗುತ್ತಿರುತ್ತವೆ, ಒಂದೂ ಇನ್ನೊಂದರ ಜೊತೆ ಮಾತಾಡುವುದಿಲ್ಲ.

ಕೆಟ್ಟಾಗ ಎಲ್ಲಿಂದ ಹುಡುಕುವುದು

ರೂಟರ್ ಆಫ್ ಮಾಡಿ ಆನ್ ಮಾಡುವ ಮುಂಚೆ ಒಂದು ಪ್ರಶ್ನೆ: ಒಬ್ಬರಿಗೋ ಎಲ್ಲರಿಗೋ?

ಒಬ್ಬರಿಗಾದರೆ ಅವರ ಪೋರ್ಟಿನ ದೀಪ ನೋಡಿ. ಆರಿದ್ದರೆ ಪ್ಯಾಚ್ ಕಾರ್ಡ್ ಬದಲಿಸಿ, ಆಮೇಲೆ ಸ್ವಿಚ್ಚಿನ ಪೋರ್ಟ್ ಬದಲಿಸಿ, ಆಮೇಲಷ್ಟೇ ಗೋಡೆಯ ಕೇಬಲ್ಲನ್ನು ಅನುಮಾನಿಸಿ. ಪ್ಲಗ್ಗಿನ ಕೊಂಡಿ ಮುರಿದ ಕಾರ್ಡನ್ನು ಮತ್ತೆ ಡ್ರಾಯರಿಗೆ ಹಾಕದೆ ಅಲ್ಲೇ ಕತ್ತರಿಸಿ ಬಿಸಾಕಿ. ಇಲ್ಲದಿದ್ದರೆ ಅದು ಇನ್ನೊಂದು ಮೇಜಿನಲ್ಲಿ ಪ್ರತ್ಯಕ್ಷವಾಗುತ್ತದೆ. ದೀಪ ಉರಿಯುತ್ತಿದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಎಂದು ಕೊಡಿ. 169.254ರಿಂದ ಶುರುವಾಗುವ ವಿಳಾಸ ಕಂಡರೆ ಡಿಎಚ್‌ಸಿಪಿ ಉತ್ತರಿಸಿಲ್ಲ, ಯಂತ್ರ ತಾನೇ ಒಂದು ವಿಳಾಸ ಕಟ್ಟಿಕೊಂಡಿದೆ ಎಂದರ್ಥ. 192.168.20 ಇದ್ದರೆ ಮೆಟ್ಟಿಲು ಹತ್ತಿದಂತೆ ಪಿಂಗ್ ಮಾಡಿ (ping ಎಂದು ಬರೆದು ವಿಳಾಸ ಕೊಟ್ಟರೆ ಆ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ತಿಳಿಯುತ್ತದೆ): ಮೊದಲು ರೂಟರ್ 192.168.20.1, ಆಮೇಲೆ ಹೊರಗಿನ 8.8.8.8, ಕೊನೆಗೆ ಒಂದು ಜಾಲತಾಣದ ಹೆಸರು. ಮೊದಲನೆಯದೇ ನಿಂತರೆ ತಪ್ಪು ಒಳಗಿದೆ. ಎರಡನೆಯದು ನಿಂತರೆ ರೂಟರ್ ಅಥವಾ ಇಂಟರ್ನೆಟ್ ಕಂಪನಿ. ಮೂರನೆಯದು ಮಾತ್ರ ನಿಂತರೆ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್.

192.168.0 ಎಂಬಂಥ ನಿಮ್ಮದಲ್ಲದ ಸಾಲಿನ ವಿಳಾಸ ಕೆಲವರಿಗಷ್ಟೇ ಬರುತ್ತಿದೆಯೇ? ಯಾರೋ ಮನೆಯಿಂದ ತಂದ ವೈಫೈ ರೂಟರನ್ನು ಗೋಡೆಯ ಪೋರ್ಟಿಗೆ ಸಿಕ್ಕಿಸಿದ್ದಾರೆ, ಅದೂ ವಿಳಾಸ ಹಂಚುತ್ತಿದೆ. ಯಾರು ಮೊದಲು ಉತ್ತರಿಸಿದರೋ ಅವರ ವಿಳಾಸ ಯಂತ್ರಕ್ಕೆ. ಹಾಗಾಗಿಯೇ ಕೆಲವರಿಗೆ ಸರಿ, ಕೆಲವರಿಗಿಲ್ಲ. ಐಪಿಕಾನ್ಫಿಗ್ ತೋರಿಸಿದ ಗೇಟ್‌ವೇ (ಅಂದರೆ ರೂಟರಿನ) ವಿಳಾಸವನ್ನು ಬ್ರೌಸರಿನಲ್ಲಿ ಕೊಟ್ಟರೆ ಆ ರೂಟರಿನ ಲಾಗಿನ್ ಪುಟವೇ ತೆರೆದು ಮಾದರಿ ಯಾವುದೆಂದು ತೋರುತ್ತದೆ. ಅಷ್ಟು ಸಿಕ್ಕರೆ ಹುಡುಕಿಕೊಂಡು ಹೋಗುವುದು ಸುಲಭ.

ಎಲ್ಲರಿಗೂ ಒಟ್ಟಿಗೆ ನಿಂತು, ಸ್ವಿಚ್ಚಿನ ಎಲ್ಲ ದೀಪವೂ ಒಂದೇ ತಾಳದಲ್ಲಿ ಬಿಡದೆ ಮಿಣುಕುತ್ತಿದ್ದರೆ ಅದು ಲೂಪ್. ಮೇಜಿನ ಕೆಳಗೆ ಆ ಪುಟ್ಟ ಸ್ವಿಚ್ ಇದೆಯಲ್ಲ, ಅದರಿಂದ ಜೋತುಬಿದ್ದ ತಂತಿಯ ತುದಿಯನ್ನು ಯಾರೋ "ಅಯ್ಯೋ, ಬಿಚ್ಚಿಹೋಗಿದೆ" ಎಂದು ಗೋಡೆಯ ಇನ್ನೊಂದು ಪೋರ್ಟಿಗೆ ಸಿಕ್ಕಿಸಿರುತ್ತಾರೆ. ಎಲ್ಲರಿಗೂ ಎಂದು ಹೊರಟ ಒಂದು ಕೂಗು ಒಂದು ದಾರಿಯಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸು ಬರುತ್ತದೆ, ಮತ್ತೆ ಹೊರಡುತ್ತದೆ, ಸುತ್ತುವುದನ್ನು ನಿಲ್ಲಿಸುವವರಿಲ್ಲ. ಕ್ಷಣಗಳಲ್ಲಿ ಇಡೀ ಜಾಲ ಆ ಕೂಗಿನಿಂದಲೇ ತುಂಬಿಹೋಗುತ್ತದೆ. ಇದಕ್ಕೆ ರೇಡಿಯಾ ಪರ್ಲ್‌ಮನ್ 1985ರಲ್ಲೇ ಸ್ಪ್ಯಾನಿಂಗ್ ಟ್ರೀ ಎಂಬ ಉಪಾಯ ಕಂಡುಕೊಟ್ಟರು, ಆದರೆ ಅದು ಸೆಟ್ಟಿಂಗ್ ಇರುವ ಸ್ವಿಚ್‌ಗಳಲ್ಲಿ ಮಾತ್ರ ಸಿಗುತ್ತದೆ. ಸಾದಾ ಸ್ವಿಚ್ ಆದರೆ ಕೈಯೇ ಗತಿ. ಪ್ಯಾಚ್ ಕಾರ್ಡುಗಳನ್ನು ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತಾಗ ಮಿಣುಕು ಶಾಂತವಾಗುತ್ತದೋ ಅದರ ಸಂಖ್ಯೆ ನೋಡಿ. ಮೇ4 ಎಂದು ಅಂಟಿಸಿದ್ದರೆ ನೇರ ಮೇಲಿನ ನಾಲ್ಕನೇ ಮೇಜಿನ ಕೆಳಗೆ ಬಗ್ಗಿ. ಅಂಟಿಸಿಲ್ಲದಿದ್ದರೆ ಹದಿನಾಲ್ಕು ಮೇಜಿನ ಕೆಳಗೂ ಬಗ್ಗಬೇಕು.

ಕೆಲಸ ಮುಗಿದ ಮೇಲೆ ಆ ಎ4 ನಕ್ಷೆಯನ್ನು ತಿದ್ದಿ, ವಿಳಾಸದ ಪಟ್ಟಿಯನ್ನೂ ಸೇರಿಸಿ, ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ರ‍್ಯಾಕಿನ ಬಾಗಿಲ ಒಳಬದಿಗೆ ಅಂಟಿಸಿ. ರೂಟರಿನ ಪಾಸ್‌ವರ್ಡನ್ನು ಮಾತ್ರ ಅಲ್ಲಿ ಬರೆಯಬೇಡಿ.